ಸಣ್ಣ ಕಾರ್ಖಾನೆಗಳು ಪರಿಸರದ ಕೆಲಸಕ್ಕೆ ಯಾಕೆ ಕೈ ಹಾಕುತ್ತವೆ? ಪದೇ ಪದೇ ಕೇಳುವ ಪ್ರಶ್ನೆಗಳು

ಪೀಣ್ಯದಲ್ಲಿ ಲೋಹದ ಪೀಸುಗಳಿಗೆ ಲೇಪ ಹಾಕುವ ಪ್ಲೇಟಿಂಗ್ ಶಾಪ್‌ನವರು, ಬೆಳಗಾವಿ ಉದ್ಯಮಬಾಗ್‌ನಲ್ಲಿ ಎರಕ ಹೊಯ್ಯುವ ಫೌಂಡ್ರಿಯವರು, ಬಟ್ಟೆಗೆ ಬಣ್ಣ ಹಾಕುವವರು, ಜೀನ್ಸ್ ತೊಳೆಯುವವರು, ಅವರ ಅಕೌಂಟೆಂಟ್‌ಗಳು, ಪ್ರಾಜೆಕ್ಟ್‌ಗೆ ಅಂತ ಬರುವ ಎಂಬಿಎ ವಿದ್ಯಾರ್ಥಿಗಳು: ಎಲ್ಲರೂ ಮಾತಿನಲ್ಲೋ ಪತ್ರದಲ್ಲೋ ಕೇಳುವುದು ಹೆಚ್ಚು ಕಡಿಮೆ ಇವೇ ಪ್ರಶ್ನೆಗಳು. ಅವರದೇ ಮಾತಿನಲ್ಲಿ ಇಟ್ಟಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ. ನಿಮಗೆ ಬೇಕಾದದ್ದಕ್ಕೆ ನೇರವಾಗಿ ಹೋಗಬಹುದು.

## ಮೊದಮೊದಲ ಪ್ರಶ್ನೆಗಳು

ನಮ್ಮದು ಹತ್ತು ಜನರ ಶೆಡ್. ಪರಿಸರ ನಿರ್ವಹಣೆ ಎಲ್ಲಾ ದೊಡ್ಡ ಕಂಪನಿಯವರ ಕೆಲಸ ಅಲ್ವಾ?

ಅಲ್ಲ. 1974ರ ಜಲ ಕಾಯ್ದೆಗಾಗಲಿ 1981ರ ವಾಯು ಕಾಯ್ದೆಗಾಗಲಿ ನಿಮ್ಮಲ್ಲಿ ಎಷ್ಟು ಜನ ಕೆಲಸ ಮಾಡುತ್ತಾರೆ ಅನ್ನುವುದು ಮುಖ್ಯ ಅಲ್ಲ. ಮೋರಿಗೆ ಏನು ಬಿಡುತ್ತೀರಿ, ಗಾಳಿಗೆ ಏನು ಬಿಡುತ್ತೀರಿ ಅನ್ನುವುದು ಮುಖ್ಯ. ಹತ್ತು ಜನರ ಪ್ಲೇಟಿಂಗ್ ಶೆಡ್ ಒಂದು ಸಾವಿರ ಜನರ ಸಾಫ್ಟ್‌ವೇರ್ ಕಂಪನಿಗಿಂತ ಹೆಚ್ಚು ವಿಷ ಹೊರಗೆ ಬಿಡಬಹುದು.

ಹೆಸರು ದೊಡ್ಡದಾಗಿ ಕೇಳಿಸುತ್ತದೆ, ಕೆಲಸ ಸರಳ. ಒಳಗೆ ಏನು ಬರುತ್ತದೆ, ಹೊರಗೆ ಏನು ಹೋಗುತ್ತದೆ, ಅದನ್ನು ಯಾರು ನೋಡಿಕೊಳ್ಳುತ್ತಾರೆ, ಎಲ್ಲಿ ಬರೆದಿಡುತ್ತಾರೆ. ಇಷ್ಟು ನಾಲ್ಕು ಗೊತ್ತಿದ್ದರೆ ನಿಮ್ಮಲ್ಲಿ ಪರಿಸರ ನಿರ್ವಹಣೆ ಇದೆ ಅಂತಲೇ ಅರ್ಥ. ಸರ್ಟಿಫಿಕೇಟ್ ಆಮೇಲಿನ ಮಾತು.

ನಿಜ ಹೇಳಿ ಸರ್, ಯಾರಾದ್ರೂ ಮನಸ್ಸಿನಿಂದ ಮಾಡ್ತಾರಾ? ಎಲ್ಲಾ ಬೋರ್ಡ್ ಭಯಕ್ಕೇ ಅಲ್ವಾ?

ಭಯ ಒಂದು ಕಾರಣ, ಒಂದೇ ಕಾರಣ ಅಲ್ಲ. ನಾನು ನೋಡಿದಂತೆ ನಾಲ್ಕು ಒತ್ತಡ ಕೆಲಸ ಮಾಡುತ್ತವೆ. ಮಾಲಿನ್ಯ ನಿಯಂತ್ರಣ ಮಂಡಳಿ, ಮಾಲು ಕೊಳ್ಳುವ ಕಂಪನಿ, ಕರೆಂಟು ನೀರು ಕೆಮಿಕಲ್ ಬಿಲ್ಲು, ಮತ್ತು ಸುತ್ತ ಇರುವ ಜನ. ಇವುಗಳಲ್ಲಿ ಯಾವುದು ಮೊದಲು ತಟ್ಟುತ್ತದೆ ಅನ್ನುವುದು ಉದ್ಯಮದಿಂದ ಉದ್ಯಮಕ್ಕೆ ಬೇರೆ. ಕಾರು ಕಂಪನಿಗೆ ಬೋಲ್ಟ್ ಕೊಡುವವರಿಗೆ ಕೊಳ್ಳುವವರ ಒತ್ತಡ. ಬಣ್ಣದ ಘಟಕದವರಿಗೆ ಮಂಡಳಿ ಮತ್ತು ಕೋರ್ಟು. ಫೌಂಡ್ರಿಯವರಿಗೆ ಕರೆಂಟ್ ಬಿಲ್ಲು.

ಮಾಲೀಕರ ಮನಸ್ಸಿಗೂ ದೊಡ್ಡ ಜಾಗ ಇದೆ. ಸಣ್ಣ ಉದ್ಯಮದಲ್ಲಿ ಮಾಲೀಕರೇ ಮ್ಯಾನೇಜರ್, ಅವರೇ ಪರ್ಚೇಸ್, ಎಷ್ಟೋ ಸಲ ಅವರೇ ಫಿಟ್ಟರ್. ಅವರಿಗೆ ಬೇಕು ಅನಿಸಿದರೆ ನಾಳೆ ಬೆಳಿಗ್ಗೆಯೇ ಬದಲಾವಣೆ ಆಗುತ್ತದೆ, ಯಾವ ಕಮಿಟಿಯೂ ಬೇಡ. ಬೇಡ ಅನಿಸಿದರೆ ಎಷ್ಟು ನೋಟಿಸ್ ಬಂದರೂ ಫೈಲ್ ಮಾತ್ರ ದಪ್ಪ ಆಗುತ್ತದೆ.

ಕೆಂಪು, ಕಿತ್ತಳೆ, ಹಸಿರು ಅಂತಾರಲ್ಲ, ನಮ್ಮದು ಯಾವುದು ಅಂತ ಹೇಗೆ ಗೊತ್ತಾಗೋದು?

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2016ರಲ್ಲಿ ಪ್ರತಿ ಉದ್ಯಮಕ್ಕೂ ಮಾಲಿನ್ಯದ ಅಂಕ ಕೊಟ್ಟು ವಿಂಗಡಿಸಿತು. 2025ರ ಪರಿಷ್ಕರಣೆಯವರೆಗೆ 60 ಮತ್ತು ಅದಕ್ಕಿಂತ ಮೇಲೆ ಕೆಂಪು, 41ರಿಂದ 59 ಕಿತ್ತಳೆ, 21ರಿಂದ 40 ಹಸಿರು, 20ರವರೆಗೆ ಬಿಳಿ ಅಂತಿತ್ತು. ಪ್ಲೇಟಿಂಗ್ ಮತ್ತು ಬಟ್ಟೆಗೆ ಬಣ್ಣ ಹಾಕುವ ಕೆಲಸ ಕೆಂಪು. ಸೈಕಲ್ ಜೋಡಿಸುವಂಥ ಕೆಲಸ ಬಿಳಿ. ಬಿಳಿಯವರಿಗೆ ಕನ್ಸೆಂಟ್, ಅಂದರೆ ಮಂಡಳಿಯ ಅನುಮತಿ, ಬೇಡ, ಮಂಡಳಿಗೆ ತಿಳಿಸಿದರೆ ಸಾಕು. ಉಳಿದವರಿಗೆ ಶುರು ಮಾಡುವ ಮೊದಲು ಒಂದು ಕನ್ಸೆಂಟ್, ನಡೆಸೋಕೆ ಇನ್ನೊಂದು. ಪಟ್ಟಿ ಆಗಾಗ ಪರಿಷ್ಕರಣೆ ಆಗುತ್ತದೆ, ಹಾಗಾಗಿ ಏಜೆಂಟ್ ಮಾತು ಕೇಳಿ ಸುಮ್ನೆ ಇರಬೇಡಿ. ರಾಜ್ಯ ಮಂಡಳಿಯ ಈಗಿನ ಪಟ್ಟಿಯನ್ನು ನೀವೇ ನೋಡಿ.

## ಕಾನೂನು, ಕೊಳ್ಳುವವರು, ದುಡ್ಡು

ನೋಟಿಸ್ ಬಂದ್ರೆ ದಂಡ ಕಟ್ಟಿಬಿಟ್ಟರೆ ಮುಗೀತಲ್ಲ?

ದಂಡ ಅಷ್ಟು ಭಯದ ವಿಷಯ ಅಲ್ಲ. ಭಯ ಇರುವುದು ಜಲ ಕಾಯ್ದೆಯ 33ಎ ಕಲಮಿನಲ್ಲಿ. ಘಟಕ ಮುಚ್ಚಿಸಲು, ಕರೆಂಟು ಮತ್ತು ನೀರು ಕಡಿತ ಮಾಡಿಸಲು ಮಂಡಳಿಗೆ ಅದರಲ್ಲಿ ಅಧಿಕಾರ ಇದೆ. ಒಂದು ವಾರ ಕರೆಂಟು ಇಲ್ಲದಿದ್ದರೆ ಸಣ್ಣ ಶೆಡ್‌ನ ಗತಿ ಏನು ಅಂತ ನಿಮಗೇ ಗೊತ್ತು. ದೊಡ್ಡವರು ಇನ್ನೊಂದು ಪ್ಲಾಂಟ್‌ನಲ್ಲಿ ಮಾಲು ತೆಗೆಯುತ್ತಾರೆ. ನಿಮ್ಮ ಆರ್ಡರ್ ಬೇರೆಯವರ ಪಾಲಾಗುತ್ತದೆ, ಆಮೇಲೆ ವಾಪಸ್ ಬರುವುದು ಕಷ್ಟ.

ತಮಿಳುನಾಡಿನ ಬಟ್ಟೆ ಉದ್ಯಮದ ಊರು ತಿರುಪ್ಪೂರಿನ ಕಥೆ ಇದಕ್ಕೆ ಒಳ್ಳೆಯ ಉದಾಹರಣೆ. ನೊಯ್ಯಲ್ ನದಿಗೆ ಬಣ್ಣದ ನೀರು, ಉಪ್ಪಿನ ನೀರು ವರ್ಷಗಟ್ಟಲೆ ಹರಿಯಿತು. ಕೆಳಗಿನ ಒರತ್ತುಪಾಳ್ಯಂ ಅಣೆಕಟ್ಟಿನ ನೀರು ಹೊಲಕ್ಕೆ ಬಿಡಲಾಗದ ಹಾಗಾಯಿತು. ಮೊದಲು ಕೋರ್ಟಿಗೆ ಹೋದವರು ರೈತರು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ 700ಕ್ಕೂ ಹೆಚ್ಚು ಡೈಯಿಂಗ್ ಘಟಕಗಳನ್ನು ಮುಚ್ಚಲು ಹೇಳಿತು: ಒಂದು ಹನಿಯೂ ಹೊರಗೆ ಬಿಡದ ವ್ಯವಸ್ಥೆ ಆಗುವವರೆಗೂ ತೆರೆಯುವ ಹಾಗಿಲ್ಲ. ಅಷ್ಟು ವರ್ಷ ದಂಡ ಕಟ್ಟಿಕೊಂಡು ನಡೆಸಬಹುದು ಅಂದುಕೊಂಡವರಿಗೆ ಲೆಕ್ಕವೇ ತಲೆಕೆಳಗಾಯಿತು. ಇವತ್ತು ಕೊಳೆ ನೀರು ಶುದ್ಧ ಮಾಡುವ ಅಲ್ಲಿನ ಸಾಮೂಹಿಕ ಘಟಕಗಳು ನೀರಿನ ಬಹುಪಾಲನ್ನು ಮತ್ತೆ ಬಳಕೆಗೆ ಕೊಡುತ್ತವೆ, ಉಪ್ಪನ್ನೂ ವಾಪಸ್ ತೆಗೆಯುತ್ತವೆ.

ಆದರೆ ಇನ್ನೊಂದು ಮುಖವನ್ನೂ ಹೇಳಬೇಕು. ತಿರುಪ್ಪೂರು ಮುಚ್ಚಿದಾಗ ಬಣ್ಣದ ಕೆಲಸದ ಒಂದು ಪಾಲು ಕದ್ದುಮುಚ್ಚಿ ಅಕ್ಕಪಕ್ಕದ ಜಿಲ್ಲೆಗಳಿಗೆ ಹೋಯಿತು. ಒಂದು ಊರಲ್ಲಿ ಮಾತ್ರ ಬಿಗಿ ಮಾಡಿದರೆ ಕೊಳೆ ಇನ್ನೊಂದು ಊರಿಗೆ ಹೋಗುತ್ತದೆ.

ಪಕ್ಕದ ಶೆಡ್‌ನವನು ಏನೂ ಮಾಡಲ್ಲ, ರೇಟು ಕಡಿಮೆ ಕೊಡ್ತಾನೆ. ನಾನೊಬ್ಬನೇ ಯಾಕೆ ಮಾಡಲಿ?

ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು, ಮತ್ತು ಅತಿ ನ್ಯಾಯವಾದ ಪ್ರಶ್ನೆಯೂ ಹೌದು. ಜಾಬ್ ವರ್ಕ್‌ನಲ್ಲಿ ಕಿಲೋಗೆ ಒಂದೆರಡು ರೂಪಾಯಿ ವ್ಯತ್ಯಾಸಕ್ಕೆ ಆರ್ಡರ್ ಕೈ ಬದಲಾಗುತ್ತದೆ. ಇಟಿಪಿ, ಅಂದರೆ ಕೊಳೆ ನೀರು ಶುದ್ಧ ಮಾಡುವ ಘಟಕ, ನಡೆಸುವವರ ರೇಟಿಗೆ ಆ ಖರ್ಚು ಸೇರಿರುತ್ತದೆ, ಮೋರಿಗೆ ಬಿಡುವವರ ರೇಟಿಗೆ ಸೇರಿರುವುದಿಲ್ಲ. ಆ ಖರ್ಚನ್ನು ಕೊನೆಗೆ ಕಟ್ಟುವವರು ಬೋರ್‌ವೆಲ್ ನೀರು ಕುಡಿಯುವ ಜನ. ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಸಿಕ್ಕಿರುವುದು ಎಲ್ಲರಿಗೂ ಗೊತ್ತಿರುವ ಸಂಗತಿ.

ಹಾಗಾಗಿ ಕಾನೂನಿನ ನಿಜವಾದ ಕೆಲಸ ಒಳ್ಳೆಯವರನ್ನು ಹೆದರಿಸುವುದಲ್ಲ, ಎಲ್ಲರ ರೇಟಿಗೂ ಒಂದೇ ನೆಲ ಹಾಕುವುದು. ಎಲ್ಲರ ಮೇಲೂ ಒಂದೇ ದಿನ, ಒಂದೇ ರೀತಿ ಬಂದ ಆದೇಶವನ್ನು ಉದ್ಯಮದವರು ಅಷ್ಟಾಗಿ ವಿರೋಧಿಸುವುದಿಲ್ಲ. ಒಬ್ಬರನ್ನು ಹಿಡಿದು ಇನ್ನೊಬ್ಬರನ್ನು ಬಿಟ್ಟಾಗಲೇ ಸಿಟ್ಟು.

ಅಲ್ಲಿವರೆಗೆ ನಿಮಗೆ ನಾನು ಹೇಳುವುದು ಎರಡು. ಮೊದಲು ಖರ್ಚು ಕಡಿಮೆ ಮಾಡುವ ಕೆಲಸಗಳನ್ನು ಮಾಡಿ, ಅವು ನಿಮ್ಮ ರೇಟನ್ನು ಏರಿಸುವುದಿಲ್ಲ, ಇಳಿಸುತ್ತವೆ. ಆಮೇಲೆ, ಪಕ್ಕದವರಿಗೆ ಸಿಗದ ಗಿರಾಕಿಯನ್ನು ಹುಡುಕಿ. ಮುಂದಿನ ಎರಡು ಉತ್ತರ ಅದಕ್ಕೇ.

ಕಂಪನಿಯಿಂದ ಮೇಲ್ ಬಂದಿದೆ, ಐಎಸ್‌ಒ 14001 ಅನ್ನೋ ಪರಿಸರ ನಿರ್ವಹಣೆಯ ಸರ್ಟಿಫಿಕೇಟ್ ಬೇಕಂತೆ. ನಮ್ಮ ಶೆಡ್ ವಿಷಯ ಅವರಿಗೆ ಯಾಕೆ?

ಅವರನ್ನೂ ಯಾರೋ ಕೇಳುತ್ತಿದ್ದಾರೆ, ಅದಕ್ಕೆ. ಷೇರುಪೇಟೆಯ ಮೊದಲ 1000 ಕಂಪನಿಗಳು 2022-23ರಿಂದ ಷೇರುಪೇಟೆ ನಿಯಂತ್ರಿಸುವ ಸೆಬಿಗೆ ಪ್ರತಿ ವರ್ಷ ಪರಿಸರ ಮತ್ತು ಸಾಮಾಜಿಕ ಹೊಣೆಯ ವರದಿ ಕೊಡಲೇಬೇಕು. ಆ ವರದಿ ನಿಧಾನವಾಗಿ ಅವರಿಗೆ ಮಾಲು ಕೊಡುವವರ ಕಡೆಗೂ ಚಾಚುತ್ತಿದೆ. ರಫ್ತು ಮಾಡುವವರಿಗೆ ಹೊರದೇಶದ ಕಾನೂನು ಬೇರೆ.

ಇದಕ್ಕೆ ನಾನು ಯಾವಾಗಲೂ ಕೊಡುವ ಉದಾಹರಣೆ ಹಳದಿ ಬೋಲ್ಟಿನದ್ದು. ಜಿಂಕ್ ಪ್ಲೇಟಿಂಗ್ ಮೇಲೆ ಹೊಳೆಯುವ ಹಳದಿ ಪ್ಯಾಸಿವೇಶನ್, ಅಂದರೆ ತುಕ್ಕು ತಡೆಯುವ ಪದರ, ಮೊದಲು ಎಲ್ಲ ಕಡೆ ಇತ್ತು. ಆ ಹಳದಿ ಪದರದಲ್ಲಿ ಇರುವುದು ಆರು ವೇಲೆನ್ಸಿಯ ಕ್ರೋಮಿಯಂ, ಕ್ಯಾನ್ಸರ್ ತರುವ ರೂಪ. ಯುರೋಪ್ ಒಕ್ಕೂಟ 2006ರ ಜುಲೈ 1ರಿಂದ ಎಲೆಕ್ಟ್ರಾನಿಕ್ ಸಾಮಾನಿನಲ್ಲಿ ಅದಕ್ಕೆ 0.1 ಶೇಕಡಾ ಮಿತಿ ಹಾಕಿತು. ವಾಹನದ ಭಾಗಗಳಿಗೂ ಮರುವರ್ಷ ನಿರ್ಬಂಧ ಬಂತು. ಅಲ್ಲಿಗೆ ಕಾರು ಕಳಿಸುವ ಕಂಪನಿ ತನ್ನ ವೆಂಡರ್‌ಗೆ ಹೇಳಿತು, ಆ ವೆಂಡರ್ ತನ್ನ ಪ್ಲೇಟಿಂಗ್‌ನವರಿಗೆ ಹೇಳಿದರು. ಮೂರು ವೇಲೆನ್ಸಿಯ ಕ್ರೋಮಿಯಂ ಪ್ಯಾಸಿವೇಶನ್ ಹಾಗೆ ನಮ್ಮ ಶೆಡ್‌ಗಳಿಗೂ ಬಂತು. ಇಲ್ಲಿನ ಇನ್ಸ್‌ಪೆಕ್ಟರ್ ಕೈಯಲ್ಲಿ ಆಗದ ಕೆಲಸ ಒಂದು ಪರ್ಚೇಸ್ ಆರ್ಡರ್‌ನಿಂದ ಆಯಿತು.

14001 ಬಗ್ಗೆ ಒಂದು ಮಾತು. ಇದು ಇಷ್ಟೇ ಮಾಲಿನ್ಯ ಇರಬೇಕು ಅಂತ ಅಂಕಿ ಹೇಳುವ ಮಾನದಂಡ ಅಲ್ಲ. ನಿಮ್ಮ ಪರಿಣಾಮಗಳನ್ನು ನೀವು ಗುರುತಿಸಿ, ಕಾನೂನು ಪಾಲಿಸಿ, ವರ್ಷದಿಂದ ವರ್ಷಕ್ಕೆ ಸುಧಾರಿಸುವ ವ್ಯವಸ್ಥೆ ಇದೆಯಾ ಅಂತ ಮಾತ್ರ ನೋಡುತ್ತದೆ. 1996ರಲ್ಲಿ ಬಂತು, 2015ರಲ್ಲಿ ದೊಡ್ಡ ಪರಿಷ್ಕರಣೆ ಆಯಿತು. ಮೇಲ್ ಕಳಿಸಿದವರಿಗೆ ಒಂದು ಪ್ರಶ್ನೆ ವಾಪಸ್ ಕೇಳಿ: ಸರ್ಟಿಫಿಕೇಟೇ ಬೇಕಾ, ಇಲ್ಲ ನೀರು, ಕರೆಂಟು, ತ್ಯಾಜ್ಯದ ಲೆಕ್ಕ ಕೊಟ್ಟರೆ ಸಾಕಾ? ಎಷ್ಟೋ ಕಂಪನಿಗಳಿಗೆ ಲೆಕ್ಕವೇ ಸಾಕು.

ಇದರಿಂದ ದುಡ್ಡು ಉಳಿಯುತ್ತೆ ಅಂತಾರೆ. ಎಲ್ಲಿ ಉಳಿಯುತ್ತೆ, ತೋರಿಸಿ.

ತೋರಿಸುತ್ತೇನೆ. ಪ್ಲೇಟಿಂಗ್‌ನಿಂದಲೇ ಶುರು ಮಾಡೋಣ.

ನಿಕಲ್ ಬಾತ್‌ನಿಂದ (ನಿಕಲ್ ದ್ರಾವಣದ ತೊಟ್ಟಿ) ಜಿಗ್ (ಪೀಸು ನೇತುಹಾಕುವ ಚೌಕಟ್ಟು) ಎತ್ತಿದಾಗ ಪೀಸುಗಳಿಗೆ ಅಂಟಿಕೊಂಡು ದ್ರಾವಣವೂ ಎದ್ದು ಬರುತ್ತದೆ. ಡ್ರ್ಯಾಗ್ ಔಟ್ ಅಂತಾರಲ್ಲ, ಅದೇ. ಅದು ನೇರ ತೊಳೆಯುವ ಟ್ಯಾಂಕಿಗೆ, ಅಲ್ಲಿಂದ ಇಟಿಪಿಗೆ, ಅಲ್ಲಿಂದ ಸ್ಲಡ್ಜ್ ಆಗಿ ಚೀಲಕ್ಕೆ. ಅಂದರೆ ದುಡ್ಡು ಕೊಟ್ಟು ತಂದ ನಿಕಲ್ಲನ್ನು ಇನ್ನಷ್ಟು ಕೆಮಿಕಲ್ ಹಾಕಿ ಕೆಸರು ಮಾಡಿ, ಆ ಕೆಸರನ್ನು ಸಾಗಿಸಲು ಮತ್ತೆ ದುಡ್ಡು ಕೊಡುತ್ತೀರಿ. ಒಂದೇ ನಿಕಲ್‌ಗೆ ಮೂರು ಸಲ ಖರ್ಚು. ಜಿಗ್ಗನ್ನು ಬಾತ್ ಮೇಲೆ ಹತ್ತು ಹದಿನೈದು ಸೆಕೆಂಡು ಜಾಸ್ತಿ ಹಿಡಿಯಿರಿ. ಪೀಸು ನೇತುಹಾಕುವ ಕೋನ ಬದಲಿಸಿ, ಗುಂಡಿಗಳಲ್ಲಿ ದ್ರಾವಣ ನಿಲ್ಲದಂತೆ ನೋಡಿ. ಬಾತ್ ಪಕ್ಕದಲ್ಲೇ ಹರಿಯದ ನೀರಿನ ಒಂದು ಟ್ಯಾಂಕ್ ಇಟ್ಟು ಮೊದಲು ಅದರಲ್ಲಿ ಅದ್ದಿ. ನಿಕಲ್ ಬಾತ್ ಬಿಸಿ ಇರುವುದರಿಂದ ನೀರು ಆವಿಯಾಗಿ ಮಟ್ಟ ಇಳಿಯುತ್ತದೆ ಅಲ್ವಾ, ಆಗ ಈ ಟ್ಯಾಂಕಿನ ನೀರನ್ನೇ ವಾಪಸ್ ಸುರಿಯಿರಿ. ಇದಕ್ಕೆ ಯಾವ ಮೆಷಿನ್ನೂ ಬೇಡ.

ಇನ್ನು ತೊಳೆಯುವ ನೀರು. ಒಂದೇ ಟ್ಯಾಂಕಿನಲ್ಲಿ ತೊಳೆದು ದ್ರಾವಣವನ್ನು ಸಾವಿರ ಪಟ್ಟು ತೆಳುವಾಗಿಸಬೇಕು ಅಂದರೆ, ಅಂಟಿ ಬಂದ ಪ್ರತಿ ಲೀಟರ್‌ಗೆ ಸುಮಾರು 1000 ಲೀಟರ್ ನೀರು ಬೇಕು. ಎರಡು ಟ್ಯಾಂಕ್ ಇಟ್ಟು, ಪೀಸು ಒಂದು ಕಡೆಗೆ, ನೀರು ಎದುರು ಕಡೆಗೆ ಹೋಗುವ ಹಾಗೆ ಮಾಡಿದರೆ ಅದೇ ಶುದ್ಧಿಗೆ ಸುಮಾರು 32 ಲೀಟರ್ ಸಾಕು. ಮೂರು ಟ್ಯಾಂಕ್ ಇಟ್ಟರೆ ಸುಮಾರು 10. ಟ್ಯಾಂಕರ್ ನೀರು ಕೊಳ್ಳುವವರು ಈ ಅಂಕಿಯನ್ನು ಗೋಡೆಗೆ ಅಂಟಿಸಿಕೊಳ್ಳಬೇಕು. ನೀರು ಕಡಿಮೆಯಾದರೆ ಇಟಿಪಿಯೂ ಚಿಕ್ಕದಾಗುತ್ತದೆ. ಅದಕ್ಕೇ ಇಟಿಪಿ ಕೊಟೇಶನ್ ತೆಗೆದುಕೊಳ್ಳುವ ಮೊದಲು ಈ ಕೆಲಸ ಮುಗಿಸಿ ಅಂತ ಎಲ್ಲರಿಗೂ ಹೇಳುತ್ತೇನೆ.

ಕಂಪ್ರೆಸರ್ ಇರುವ ಎಲ್ಲರಿಗೂ ಒಂದು ಲೆಕ್ಕ. 7 ಬಾರ್ ಒತ್ತಡದ ಲೈನಿನಲ್ಲಿ 3 ಮಿಲಿಮೀಟರ್ ತೂತು ಇದ್ದರೆ ಸುಮಾರು ಮೂರೂವರೆ ಕಿಲೋವ್ಯಾಟ್ ಸುಮ್ನೆ ಹೋಗುತ್ತದೆ. ದಿನಕ್ಕೆ 10 ಗಂಟೆ, ವರ್ಷಕ್ಕೆ 300 ದಿನ ಅಂದರೆ 10,500 ಯೂನಿಟ್. ಯೂನಿಟ್‌ಗೆ 8 ರೂಪಾಯಿ ಹಿಡಿದರೂ 84,000 ರೂಪಾಯಿ. ಊಟದ ಹೊತ್ತಿನಲ್ಲಿ ಮೆಷಿನ್ ಎಲ್ಲ ನಿಲ್ಲಿಸಿ ಶೆಡ್ ಒಳಗೆ ಸುಮ್ಮನೆ ನಿಂತು ಕೇಳಿ, ಬುಸ್ ಅನ್ನುವ ಜಾಗ ಸಿಗುತ್ತದೆ.

ಫೌಂಡ್ರಿಯಲ್ಲಿ ಇಂಡಕ್ಷನ್ ಕುಲುಮೆಯಲ್ಲಿ ಒಂದು ಟನ್ ಕಬ್ಬಿಣ ಕರಗಿಸಲು ಸುಮಾರು 600 ಯೂನಿಟ್ ಬೇಕು. ರಿಜೆಕ್ಟ್ ಆದ ಪ್ರತಿ ಎರಕವೂ ಆ ಕರೆಂಟನ್ನು ಎರಡನೇ ಸಲ ತಿನ್ನುತ್ತದೆ. ಹಾಗಾಗಿ ರಿಜೆಕ್ಷನ್ ಇಳಿಸುವ ಕ್ವಾಲಿಟಿ ಕೆಲಸವೂ ಪರಿಸರದ ಕೆಲಸವೇ.

ಇಷ್ಟು ಉಳಿಯೋದಾದ್ರೆ ಎಲ್ಲರೂ ಯಾಕೆ ಮಾಡಿಲ್ಲ?

ಕಾಣುವುದಿಲ್ಲ, ಅದಕ್ಕೆ. ಬಹಳ ಶೆಡ್‌ಗಳಲ್ಲಿ ಇಡೀ ಜಾಗಕ್ಕೆ ಒಂದೇ ಕರೆಂಟ್ ಮೀಟರ್ ಇರುತ್ತದೆ, ಬೋರ್‌ವೆಲ್‌ಗೆ ಮೀಟರೇ ಇರುವುದಿಲ್ಲ. ನಷ್ಟ ಎಲ್ಲಿ ಆಗುತ್ತಿದೆ ಅಂತ ಬಿಲ್ಲು ಹೇಳುವುದಿಲ್ಲ. ಇನ್ನೊಂದು ಕಾರಣ ಸಮಯ. ಮಾಲೀಕರ ತಲೆ ತುಂಬ ಜಿಎಸ್‌ಟಿ, ಬಾರದ ಪೇಮೆಂಟು, ರಜೆ ಹಾಕಿದ ಆಪರೇಟರ್. 45 ದಿನಕ್ಕೆ ಬರಬೇಕಾದ ದುಡ್ಡು 120 ದಿನವಾದರೂ ಬರದಿದ್ದಾಗ, ಎರಡು ವರ್ಷದಲ್ಲಿ ವಾಪಸ್ ಬರುವ ಹೂಡಿಕೆಯನ್ನೂ ಯಾರೂ ಮಾಡುವುದಿಲ್ಲ. ಇದನ್ನು ಅವರ ಅಜ್ಞಾನ ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ವೆಂಡರ್‌ಗಳಿಗೆ ಪರಿಸರದ ಪಾಠ ಹೇಳುವ ದೊಡ್ಡ ಕಂಪನಿಗಳು ಅವರ ಬಿಲ್ಲನ್ನು ಸಮಯಕ್ಕೆ ಸರಿಯಾಗಿ ಕಟ್ಟಿದರೆ ಅರ್ಧ ಕೆಲಸ ಆದ ಹಾಗೆ.

ಸರ್ಕಾರದಿಂದ ಏನಾದ್ರೂ ಸಹಾಯ ಇದೆಯಾ?

ಇದೆ. ಸಣ್ಣ ಉದ್ಯಮಗಳಿಗೆ ಕೇಂದ್ರದ ಜೆಡ್ (ಝೀರೋ ಡಿಫೆಕ್ಟ್, ಝೀರೋ ಎಫೆಕ್ಟ್) ಸರ್ಟಿಫಿಕೇಶನ್ ಯೋಜನೆ 2022ರ ಏಪ್ರಿಲ್‌ನಲ್ಲಿ ಹೊಸ ರೂಪದಲ್ಲಿ ಬಂತು. ಕಂಚು, ಬೆಳ್ಳಿ, ಚಿನ್ನ ಅಂತ ಮೂರು ಹಂತ. ಶುಲ್ಕದಲ್ಲಿ ಅತಿ ಸಣ್ಣ ಘಟಕಕ್ಕೆ 80%, ಸಣ್ಣದಕ್ಕೆ 60%, ಮಧ್ಯಮಕ್ಕೆ 50% ಸಬ್ಸಿಡಿ. ಹೊಸ ಯಂತ್ರಕ್ಕೆ ಸಾಲ ಬೇಕಾದವರು ಸಣ್ಣ ಉದ್ಯಮಗಳ ಬ್ಯಾಂಕ್ ಸಿಡ್ಬಿಯ ಹಸಿರು ಸಾಲಗಳನ್ನು ವಿಚಾರಿಸಿ. ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ಮಾಡಿಸುವ ಉದ್ಯಮ್ ನೋಂದಣಿ ಇಲ್ಲದಿದ್ದರೆ ಯಾವುದೂ ಸಿಗುವುದಿಲ್ಲ, ಮೊದಲು ಅದನ್ನು ಮಾಡಿಸಿ. ನಿಯಮ ಬದಲಾಗುತ್ತಿರುತ್ತದೆ, ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಕೇಳಿಕೊಂಡು ಅರ್ಜಿ ಹಾಕಿ.

ಒಂದು ಎಚ್ಚರಿಕೆ. ಸಬ್ಸಿಡಿಗಾಗಿಯೇ ತಂದ ಯಂತ್ರ ಮೂಲೆ ಸೇರುತ್ತದೆ. ಬೇಕು ಅಂತ ಲೆಕ್ಕ ಹಾಕಿ ನೋಡಿದ ಮೇಲೆ ಸಬ್ಸಿಡಿ ಹುಡುಕಿ.

## ಆಳಕ್ಕೆ ಇಳಿದವರ ಪ್ರಶ್ನೆಗಳು

ಒಬ್ಬರಿಗೆ ಇಟಿಪಿ ಹಾಕೋಕೆ ಜಾಗವೂ ಇಲ್ಲ, ದುಡ್ಡೂ ಇಲ್ಲ. ಎಲ್ಲರೂ ಸೇರಿ ಒಂದು ಮಾಡಿದ್ರೆ?

ಸಣ್ಣವರಿಗೆ ಅದೇ ದಾರಿ. ಜೀನ್ಸ್ ವಾಷಿಂಗ್, ಡೈಯಿಂಗ್, ಪ್ಲೇಟಿಂಗ್ ಒಂದೇ ಕಡೆ ಗುಂಪಾಗಿ ಇರುವಲ್ಲಿ ಸಾಮೂಹಿಕ ಘಟಕವೇ ಸರಿ. ನೀರು ಜಾಸ್ತಿ ಆದಷ್ಟೂ ಲೀಟರ್‌ಗೆ ಬೀಳುವ ಖರ್ಚು ಕಡಿಮೆ, ಕೆಮಿಸ್ಟ್ ಒಬ್ಬರನ್ನು ಸಂಬಳಕ್ಕೆ ಇಟ್ಟುಕೊಳ್ಳಲೂ ಆಗುತ್ತದೆ.

ಎಡವುವುದು ಎಲ್ಲಿ ಅಂದರೆ ಒಳಗೆ ಬರುವ ನೀರಿನಲ್ಲಿ. ಒಬ್ಬ ಸದಸ್ಯ ರಾತ್ರಿ ಸೈನೈಡ್ ಬಾತ್ ಖಾಲಿ ಮಾಡಿ ಲೈನಿಗೆ ಬಿಟ್ಟರೆ ಎಲ್ಲರ ಘಟಕವೂ ಕೆಡುತ್ತದೆ. ಅದರಲ್ಲೂ ಸೈನೈಡ್ ನೀರಿಗೆ ಆಸಿಡ್ ನೀರು ಸೇರಿದರೆ ಪ್ರಾಣ ತೆಗೆಯುವ ಅನಿಲ ಏಳುತ್ತದೆ. ಹಾಗಾಗಿ ಕ್ರೋಮ್, ಸೈನೈಡ್, ಆಸಿಡ್ ನೀರನ್ನು ಶೆಡ್‌ನಲ್ಲೇ ಬೇರೆ ಬೇರೆ ಹಿಡಿಯಬೇಕು. ಪ್ರತಿ ಸದಸ್ಯರ ನೀರನ್ನೂ ಅಳೆಯಬೇಕು, ಪರೀಕ್ಷೆ ಮಾಡಬೇಕು, ಎಷ್ಟು ಕೊಳೆಯೋ ಅಷ್ಟು ಶುಲ್ಕ ಹಾಕಬೇಕು. ಎಲ್ಲರಿಗೂ ಒಂದೇ ಶುಲ್ಕ ಹಾಕಿದರೆ ಒಳಗೆ ನೀರು ಉಳಿಸಲು ಯಾರಿಗೂ ಕಾರಣವೇ ಇರುವುದಿಲ್ಲ.

ಸರ್ಟಿಫಿಕೇಟ್ ಗೋಡೆ ಮೇಲಿದೆ, ಹಿಂದಿನ ಮೋರಿಯಲ್ಲಿ ಬಣ್ಣದ ನೀರು. ಇದೆಲ್ಲ ಬರೀ ಕಾಗದ ಅಲ್ವಾ?

ಎಷ್ಟೋ ಕಡೆ ಹೌದು. ಒತ್ತಡ ಎಂಥದ್ದೋ ಅದಕ್ಕೆ ತಕ್ಕ ಉತ್ತರವೇ ಬರುತ್ತದೆ. ಕೊಳ್ಳುವವರು ಕಾಗದ ಕೇಳಿದರೆ ಕಾಗದ ಸಿಗುತ್ತದೆ. ಇನ್ಸ್‌ಪೆಕ್ಷನ್ ದಿನ ಮಾತ್ರ ಇಟಿಪಿ ನೋಡಿದರೆ ಆ ದಿನ ಮಾತ್ರ ಇಟಿಪಿ ಓಡುತ್ತದೆ.

ನಿಜವಾಗಿ ನಡೆಯುತ್ತಿದೆಯಾ ಅಂತ ತಿಳಿಯಲು ನಾನು ಮೂರು ಕಡೆ ನೋಡುತ್ತೇನೆ. ಇಟಿಪಿಗೆ ಬೇರೆ ಕರೆಂಟ್ ಮೀಟರ್ ಇದೆಯಾ, ಅದರ ಓದು ತಿಂಗಳಿಂದ ತಿಂಗಳಿಗೆ ಪ್ರೊಡಕ್ಷನ್ ಜೊತೆ ಏರಿಳಿಯುತ್ತದಾ? ಸುಣ್ಣ, ಆಸಿಡ್ ಕೊಂಡ ಬಿಲ್ಲು ಇದೆಯಾ? ವಿಲೇವಾರಿಗೆ ಕಳಿಸಿದ ಸ್ಲಡ್ಜ್ ತೂಕ ಆ ಕೆಮಿಕಲ್‌ಗೆ ಹೊಂದುತ್ತದಾ? ಈ ಮೂರೂ ಒಟ್ಟಿಗೆ ಸುಳ್ಳು ಹೇಳುವುದು ಕಷ್ಟ. ಗಿರಾಕಿ ಕಂಪನಿಯ ಆಡಿಟರ್‌ಗಳು ಫೈಲ್ ಬಿಟ್ಟು ಇವನ್ನು ಕೇಳಲು ಶುರು ಮಾಡಿದರೆ ಬಹಳ ಬದಲಾಗುತ್ತದೆ.

ಕೆಲಸದವರಿಗೆ ಎಷ್ಟು ಹೇಳಿದ್ರೂ ಹಳೇ ಥರವೇ ಮಾಡ್ತಾರೆ. ಏನು ಮಾಡೋದು?

ಪೀಸ್ ಲೆಕ್ಕದಲ್ಲಿ ಸಂಬಳ ಕೊಟ್ಟು, ಜಿಗ್ಗನ್ನು ಹದಿನೈದು ಸೆಕೆಂಡು ಜಾಸ್ತಿ ಹಿಡಿ ಅಂದರೆ ಅವರ ದುಡಿಮೆಯಿಂದಲೇ ಕಿತ್ತುಕೊಂಡ ಹಾಗೆ. ಮೊದಲು ಅದನ್ನು ಸರಿ ಮಾಡಿ. ಜಿಗ್ ನೇತುಹಾಕಲು ಬಾತ್ ಮೇಲೆ ಒಂದು ಸರಳು ಹಾಕಿಸಿದರೆ ಕೈ ನೋವೂ ಇಲ್ಲ, ದ್ರಾವಣವೂ ಸೋರಿ ಬಾತ್‌ಗೇ ಬೀಳುತ್ತದೆ.

ಇನ್ನೊಂದು ಮಾತನ್ನು ಗಂಭೀರವಾಗಿ ಹೇಳುತ್ತೇನೆ. ಕ್ರೋಮ್ ಬಾತ್ ಹತ್ತಿರ ವರ್ಷಗಟ್ಟಲೆ ನಿಂತವರ ಚರ್ಮದಲ್ಲಿ ಹುಣ್ಣಾಗುತ್ತದೆ, ಮೂಗಿನ ನಡುಗೋಡೆಯಲ್ಲಿ ತೂತಾಗುತ್ತದೆ. ಆರು ವೇಲೆನ್ಸಿಯ ಕ್ರೋಮಿಯಂ ಶ್ವಾಸಕೋಶದ ಕ್ಯಾನ್ಸರ್ ತರುತ್ತದೆ ಅನ್ನುವುದು ಸಂಶಯವಿಲ್ಲದೆ ಸಾಬೀತಾಗಿರುವ ಸಂಗತಿ. ಬಾತ್ ಮೇಲಿನ ಹೊಗೆ ಎಳೆಯುವ ಫ್ಯಾನ್, ಕೈಗವಸು, ವರ್ಷಕ್ಕೊಮ್ಮೆ ವೈದ್ಯರ ತಪಾಸಣೆ, ಇವನ್ನು ಪರಿಸರದ ಖರ್ಚು ಅಂತ ಬೇರೆ ಇಡಬೇಡಿ. ಒಳ್ಳೆಯ ಪ್ಲೇಟರ್ ಸಿಗುವುದೇ ಕಷ್ಟ ಅಂತ ಎಲ್ಲರೂ ಹೇಳುತ್ತಾರೆ. ಈ ಹೊಗೆಗೆ ಹೆದರಿ ತಮ್ಮ ಮಕ್ಕಳನ್ನು ಈ ಕೆಲಸಕ್ಕೆ ಕಳಿಸದ ಪ್ಲೇಟರ್‌ಗಳೂ ಇದ್ದಾರೆ.

ಯುರೋಪ್‌ನ ಕಾರ್ಬನ್ ತೆರಿಗೆ ಬೆಳಗಾವಿ ಫೌಂಡ್ರಿಗೂ ತಟ್ಟುತ್ತಾ?

ಮಾಲು ತಯಾರಿಸುವಾಗ ಹೊರಬಿದ್ದ ಇಂಗಾಲಕ್ಕೆ ಯುರೋಪ್ ಒಕ್ಕೂಟ ಆಮದಿನ ಮೇಲೆ ಹಾಕುವ ತೆರಿಗೆ ಇದು. ತಟ್ಟುತ್ತದೋ ಇಲ್ಲವೋ ಅನ್ನುವುದು ನಿಮ್ಮ ಮಾಲಿನ ಎಚ್‌ಎಸ್ ಕೋಡ್ (ಕಸ್ಟಮ್ಸ್‌ನವರು ಮಾಲು ಗುರುತಿಸುವ ಸಂಖ್ಯೆ) ಮೇಲೆ ಹೋಗುತ್ತದೆ. 2023ರ ಅಕ್ಟೋಬರ್‌ನಲ್ಲಿ ಲೆಕ್ಕ ಕೊಡುವ ಹಂತ ಶುರುವಾಯಿತು, 2026ರ ಜನವರಿಯಿಂದ ಹಣದ ಹೊರೆಯ ಹಂತ. ಕಬ್ಬಿಣ, ಉಕ್ಕು, ಅಲ್ಯೂಮಿನಿಯಂ, ಸಿಮೆಂಟ್, ಗೊಬ್ಬರ, ವಿದ್ಯುತ್, ಹೈಡ್ರೋಜನ್ ಪಟ್ಟಿಯಲ್ಲಿವೆ. ಉಕ್ಕಿನ ನಟ್ಟು, ಬೋಲ್ಟು, ಸ್ಕ್ರೂ ಕೂಡ ಇವೆ. ಪಂಪು, ಎಂಜಿನ್ನಿನ ಭಾಗವಾಗಿ ಬೇರೆ ಕೋಡ್‌ನಲ್ಲಿ ಹೋಗುವ ಎರಕಗಳು ಮೂಲ ಪಟ್ಟಿಯಲ್ಲಿ ಇರಲಿಲ್ಲ, ಆದರೆ ಪಟ್ಟಿ ದೊಡ್ಡದು ಮಾಡುವ ಮಾತು ನಡೆದಿದೆ. ತೆರಿಗೆ ಕಟ್ಟುವವರು ಅಲ್ಲಿನ ಆಮದುದಾರರು, ನೀವಲ್ಲ. ಆದರೆ ಅವರು ನಿಮ್ಮನ್ನು ಕೇಳುತ್ತಾರೆ: ಒಂದು ಟನ್ ಮಾಲಿಗೆ ಎಷ್ಟು ಕರೆಂಟು, ಎಷ್ಟು ಕೋಕ್? ಉತ್ತರ ಇಲ್ಲದವರ ಜಾಗಕ್ಕೆ ಉತ್ತರ ಇರುವವರು ಬರುತ್ತಾರೆ. ಹಾಗಾಗಿ ಇವತ್ತಿನಿಂದಲೇ ಹೀಟ್ ಲೆಕ್ಕದಲ್ಲಿ, ಅಂದರೆ ಕುಲುಮೆ ಒಂದು ಸಲ ಕರಗಿಸಿದ ಲೆಕ್ಕದಲ್ಲಿ, ಯೂನಿಟ್ ಬರೆದಿಡಿ.

ನಾನು ನಮ್ಮ ಏರಿಯಾದ ಕೈಗಾರಿಕಾ ಸಂಘದಲ್ಲಿದ್ದೇನೆ. ಎಲ್ಲಿಂದ ಶುರು ಮಾಡಿದ್ರೆ ಉಳಿದವರೂ ಬರ್ತಾರೆ?

ಸೆಮಿನಾರ್‌ನಿಂದ ಬೇಡ. ಸಣ್ಣ ಉದ್ಯಮದವರು ಕನ್ಸಲ್ಟೆಂಟ್ ಮಾತಿಗಿಂತ ತಮ್ಮಂಥದ್ದೇ ಶೆಡ್ ನಡೆಸುವವರ ಮಾತನ್ನು ನಂಬುತ್ತಾರೆ. ಒಪ್ಪುವ ಎರಡು ಮೂರು ಘಟಕ ಹುಡುಕಿ. ನೀರಿಗೆ, ಕರೆಂಟಿಗೆ ಉಪಮೀಟರ್ ಹಾಕಿಸಿ, ಮೂರು ತಿಂಗಳು ಸುಮ್ಮನೆ ಓದು ಬರೆಯಿರಿ. ಆಮೇಲೆ ಎದುರು ಹರಿವಿನ ತೊಳೆಯುವಿಕೆಯೋ ಗಾಳಿ ಸೋರಿಕೆಯೋ, ಒಂದೇ ಒಂದು ಬದಲಾವಣೆ ಮಾಡಿ, ಮತ್ತೆ ಮೂರು ತಿಂಗಳು ಬರೆಯಿರಿ. ಆ ಮಾಲೀಕರೇ ತಮ್ಮ ಬಿಲ್ಲು ಹಿಡಿದುಕೊಂಡು ಉಳಿದವರನ್ನು ಶೆಡ್‌ಗೆ ಕರೆದು ತೋರಿಸಲಿ. ಜೊತೆಗೆ ಸ್ಲಡ್ಜ್ ಸಾಗಣೆಗೆ ಸಂಘದಿಂದಲೇ ಒಂದು ಲಾರಿ ಗೊತ್ತು ಮಾಡಿ. ಸಣ್ಣವರಿಗೆ ನಾಲ್ಕು ಚೀಲಕ್ಕೆ ಲಾರಿ ಸಿಗುವುದಿಲ್ಲ, ಅದಕ್ಕೇ ಚೀಲಗಳು ಶೆಡ್ ಹಿಂದೆ ಮಳೆಯಲ್ಲಿ ನೆನೆಯುತ್ತವೆ. ನಲವತ್ತು ಘಟಕದವರ ಚೀಲ ಸೇರಿದರೆ ಲಾರಿ ತುಂಬುತ್ತದೆ.